ಕಲ್ಯಾಣಕ್ಕೆ ಪ್ರವಾಸ ಹೋದ ಚಳಿಗಾಲ

ಮೊನ್ನೆ ಕಣ್ಣಿನ ಡಾಕ್ಟರರಿಗೆ ತೋರಿಸಲೆಂದು ಮೊಮ್ಮಗಳು ಆರ್ಯಾಳ ಜೊತೆ ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೋಗಿದ್ದೆ. ಸ್ಟೇಷನ್ನಿನ ಹೊರಗೆ ರಿಕ್ಷಾದ ಸಾಲಿನಲ್ಲಿ ನಿಂತಿದ್ದಾಗ ಪಕ್ಕದ ಕಟ್ಟಡವೊಂದರ ಮೆಟ್ಟಿಲಿನಿಂದ ವಾಸನೆ ಬಂತು. ಮೊದಲು ಫಿನೈಲು, ಅದರ ಬೆನ್ನಿಗೇ ಇಂಗಿನ ಒಗ್ಗರಣೆ. ಇವೆರಡು ಜೊತೆಯಾಗಿ ಬರುವುದು ಕೆಳಗೆ ಹೋಟೆಲು, ಮೇಲೆ ಲಾಜು ಇರುವಲ್ಲಿ ಮಾತ್ರ. ನಾನು ಮದುವೆಯಾಗಿ ಬಂದಂದಿನಿಂದ ನನ್ನ ಗಂಡನ ಅಂಗಿಗೆ ಇದ್ದದ್ದು ಇದೇ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಅದನ್ನು ನಾನು ಬೈದದ್ದು ಒಂದೆರಡು ಸಲವಲ್ಲ.

“ಅಜ್ಜಿ, ಚಲ್ ನಾ! ರಿಕ್ಷಾ ಆಲೀ,” ಎಂದು ಆರ್ಯಾ ತೋಳು ಎಳೆದಳು.

“ನಿಲ್ಲು ಮಾರಾಯ್ತಿ. ಡಾಕ್ಟರು ಕಣ್ಣು ಮಾತ್ರ ನೋಡುವವರು. ನನ್ನ ಮೂಗಿಗೆ ಇಲ್ಲಿ ಸ್ವಲ್ಪ ಕೆಲಸ ಉಂಟು.”

ನಮ್ಮ ಲಾಜು ಇದ್ದದ್ದು ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ. ಈಗ ಅಲ್ಲಿ ಕೆಳಗೆ ಮೊಬೈಲು ಕವರಿನ ಅಂಗಡಿ, ಮೇಲೆ ಮಕ್ಕಳ ಟ್ಯೂಷನ್ ಕ್ಲಾಸು. ಆ ಗಲ್ಲಿಯ ಕಡೆ ನೋಡಬಾರದೆಂದು ನಾನು ಕಣ್ಣಿಗೆ ಹೇಳಿಟ್ಟಿದ್ದೇನೆ. ಮೂಗಿಗೆ ಹೇಳಿದರೆ ಅದು ಕೇಳುವುದಿಲ್ಲ.

ಮುಂಬಯಿಯ ಅಂಚಿನ ಈ ಕಲ್ಯಾಣಕ್ಕೆ ಯಾರೂ ಪ್ರವಾಸಕ್ಕೆಂದು ಬರುವುದಿಲ್ಲ. ಗಾಡಿ ಬದಲಿಸಲಿಕ್ಕೆ ಬರುತ್ತಾರೆ. ನಮ್ಮ ಲಾಜಿಗೆ ಬರುತ್ತಿದ್ದವರೂ ಅಂಥವರೇ. ನಾಸಿಕದ ಗಾಡಿ ತಪ್ಪಿದವರು, ಉಲ್ಹಾಸನಗರದಿಂದ ಪ್ಯಾಂಟು ಅಂಗಿ ಸಗಟು ಒಯ್ಯುವ ವ್ಯಾಪಾರಿಗಳು, ಆಸ್ಪತ್ರೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಮಲಗಿಸಿ ಸ್ನಾನಕ್ಕೊಂದು ಜಾಗ ಹುಡುಕುವ ಮಕ್ಕಳು. ಸಂಜೆ ಬಂದರೆ ಬೆಳಿಗ್ಗೆ ಹೊರಡುವ ಜನ. ಅದನ್ನು ಶುರು ಮಾಡಿದ್ದು ನನ್ನ ಗಂಡನ ಸೋದರಮಾವ. ಅವರ ನಂತರ ಗಲ್ಲಾದ ಕುರ್ಚಿ ಇವರಿಗೆ ಬಂತು. ಬಂದ ದಿನದಿಂದ ಇವರು ಎಲ್ಲರಿಗೂ ‘ಅಣ್ಣ’. ವಾಸುದೇವ ರಾವ್ ಎಂಬ ಹೆಸರು ರೇಶನ್ ಕಾರ್ಡಿಗೆ ಮಾತ್ರ ಉಳಿಯಿತು.

ಉಡುಪಿ ಕಡೆಯ ನಮ್ಮ ಹೋಟೆಲಿನವರಲ್ಲಿ ಹಳಬರು ಪಾಲಿಸುತ್ತಿದ್ದ ಒಂದು ಕಟ್ಟಳೆ ಇತ್ತು. ಗಲ್ಲಾದಲ್ಲಿ ಕೂರುವವನು ಗಿರಾಕಿಯ ಮೇಜಿನಲ್ಲಿ ಕೂರಬಾರದು. ಅವನ ಮನೆಯವರೂ ಕೂರಬಾರದು. ಕೂತರೆ ಗಿರಾಕಿಯ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಅದಕ್ಕೇ ಇವರು ಒಳಗೆ ಅಡುಗೆಮನೆಯಲ್ಲಿ ರುಬ್ಬುವ ಕಲ್ಲಿನ ಪಕ್ಕ ನಿಂತೇ ಉಣ್ಣುತ್ತಿದ್ದರು. ನಾನಂತೂ ದೀಪಾವಳಿಯ ಲಕ್ಷ್ಮೀಪೂಜೆಗೆ ಹೋಗಿ, ಗಲ್ಲಾದ ಬದಿಯಲ್ಲಿ ನಿಂತು ಪ್ರಸಾದ ತೆಗೆದುಕೊಂಡು, ಹಿಂಬಾಗಿಲಿನಿಂದ ಇಳಿದು ಬರುತ್ತಿದ್ದೆ. ಊರವರೆಲ್ಲ ಹೊಗಳುವ ನಮ್ಮ ಹೋಟೆಲಿನ ಮಸಾಲೆದೋಸೆಯನ್ನು ನಾನು ತಿನ್ನುತ್ತಿದ್ದದ್ದು ಸ್ಟೀಲಿನ ಡಬ್ಬಿಯಲ್ಲಿ, ತಣ್ಣಗಾಗಿ, ಬೆವೆತು, ಡೊಂಬಿವಲಿಗೆ ಲೋಕಲಿನಲ್ಲಿ ಬಂದ ಮೇಲೆ.

ಕೊರೊನಾದ ಮೊದಲ ಬೇಸಗೆಯಲ್ಲಿ ಪಾಲಿಕೆಯವರು ಬಂದು ಲಾಜಿನ ರೂಮುಗಳನ್ನೆಲ್ಲ ಸೋಂಕಿನವರಿಗೆಂದು ತೆಗೆದುಕೊಂಡರು. ಆಗ ಎಲ್ಲರ ಲಾಜುಗಳನ್ನೂ ಹಾಗೆ ತೆಗೆದುಕೊಳ್ಳುತ್ತಿದ್ದರು, ತಪ್ಪೇನಿಲ್ಲ. ದಸರಾ ಹೊತ್ತಿಗೆ ಬೀಗದ ಕೈ ವಾಪಸು ಕೊಟ್ಟರು. ರೂಮು ಬಂತು, ಜನ ಬರಲಿಲ್ಲ. ನಮ್ಮ ಬಾಗಿಲಿನ ಎದುರು ಬಂದಾಗ ಜನ ಮೂಗು ಮುಚ್ಚಿ ಆಚೆ ಫುಟ್‌ಪಾತಿಗೆ ದಾಟುತ್ತಿದ್ದರು. ರಿಕ್ಷಾದವರು ಹೊಸ ಹೆಸರು ಕೊಟ್ಟರು. ಇವರು ಮಾರುಕಟ್ಟೆಯಿಂದ ಸಾಮಾನು ಹಿಡಿದು ರಿಕ್ಷಾ ಹತ್ತಿ ಲಾಜಿನ ಗುರುತು ಹೇಳಿದರೆ, “ಅಚ್ಛಾ, ಕೊರೊನಾ ಲಾಜ್ ಕ್ಯಾ?” ಎನ್ನುತ್ತಿದ್ದರು. ಇವರು “ಹಾಂ” ಎಂದು ಕೂರುತ್ತಿದ್ದರು. ಮನೆಗೆ ಬಂದು ಅದನ್ನು ಹೇಳುವಾಗ ನಗುತ್ತಿದ್ದರು, ಆದರೆ ತಟ್ಟೆಯಲ್ಲಿ ಅನ್ನ ಬಿಡುತ್ತಿದ್ದರು.

ಮಗ ಗಿರೀಶನಿಗೆ ರಬಾಳೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಅವನು ಒಂದು ರಾತ್ರಿ ಊಟಕ್ಕೆ ಕೂತಾಗ ಮೆಲ್ಲನೆ ಹೇಳಿದ, “ಪಪ್ಪಾ, ಯುಗಾದಿವರೆಗೆ ನೋಡುವ. ಅಷ್ಟರೊಳಗೆ ನಡೀಲಿಲ್ಲಾಂದ್ರೆ ಕೊಟ್ಟುಬಿಡುವ. ಕೇಳುವವರು ಇದ್ದಾರೆ.”

“ಕೊಟ್ಟು ನಾನೆಂತ ಮಾಡ್ಲಿ?” ಎಂದರು ಇವರು.

“ಮನೆಯಲ್ಲಿ ಆರಾಮಾಗಿ ಕೂತ್ಕೊಳ್ಳಿ.”

“ಮನೆಯಲ್ಲಿ ನಿಮ್ಮಮ್ಮ ಕೂತಿದ್ದಾಳಲ್ಲ. ಎರಡು ಜನಕ್ಕೆ ಜಾಗ ಎಲ್ಲಿ ಉಂಟು?”

ಮಾತು ತಮಾಷೆಯದ್ದೇ. ಆದರೆ ಇವರ ಕೈ ಮಜ್ಜಿಗೆಯ ಲೋಟದ ಮೇಲೆ ಹಾಗೇ ನಿಂತಿತ್ತು. ಲೋಕಲಿನ ಪಾಸು, ಗಲ್ಲಾದ ಕುರ್ಚಿ, ‘ಊಟ ಆಯ್ತಾ’ ಎಂದು ಕೇಳಲಿಕ್ಕೆ ಎದುರಿಗೆ ನಾಲ್ಕು ಮುಖ: ಇಷ್ಟನ್ನು ತೆಗೆದರೆ ಈ ಮನುಷ್ಯನಲ್ಲಿ ಏನು ಉಳಿದೀತು ಎಂದು ನನಗೂ ಹೆದರಿಕೆ ಹತ್ತಿತು.

ಆ ಚಳಿಗಾಲಕ್ಕೆ ಟಿವಿಯವರಿಗೆ ಇದ್ದಕ್ಕಿದ್ದಂತೆ ಪ್ರವಾಸದ ಪ್ರೀತಿ ಉಕ್ಕಿತು. ಹೊರದೇಶಕ್ಕೆ ಹೋಗುವ ಹಾಗಿಲ್ಲ, ಹಾಗಾದರೆ ನಮ್ಮ ದೇಶವನ್ನೇ ನೋಡಿ, ಹತ್ತಿರದ್ದನ್ನೇ ನೋಡಿ, ಹೋಟೆಲಿನವರನ್ನು ಬದುಕಿಸಿ ಎಂದು ದಿನಾ ಹೇಳತೊಡಗಿದರು. ಸಮುದ್ರ ತೋರಿಸುತ್ತಿದ್ದರು, ಗುಡ್ಡ ತೋರಿಸುತ್ತಿದ್ದರು, ಬಿಳಿ ಹಲ್ಲಿನ ಗಂಡ ಹೆಂಡತಿಯರನ್ನು ತೋರಿಸುತ್ತಿದ್ದರು. ಕಲ್ಯಾಣವನ್ನು ಯಾರೂ ತೋರಿಸಲಿಲ್ಲ.

ನನ್ನ ಸೊಸೆ ಮಾನಸಿ ಮರಾಠಿ ಹುಡುಗಿ. ಅವಳ ಕನ್ನಡ ಒಂದು ಕಾಲು ಚಪ್ಪಲಿ, ಒಂದು ಕಾಲು ಬೂಟು ಹಾಕಿದ ಹಾಗೆ. ಅವಳೇ ಒಂದು ಬೆಳಿಗ್ಗೆ ಟಿವಿ ನೋಡುತ್ತಾ ಹೇಳಿದಳು, “ಪಪ್ಪಾ, ನಾವೂ ಮಾಡುವಾ. ಸ್ಟೇಕೇಶನ್!”

“ಅದೆಂತದು?”

“ಮತಲಬ್, ದೂರ ಊರಿಗೆ ಹೋಗೋದು ಇಲ್ಲ. ಹತ್ತಿರದಲ್ಲೇ ಹೋಟೆಲಿನಲ್ಲಿ ಇದ್ದು ಪ್ರವಾಸ ಮಾಡೋದು.”

“ಊರು ಬಿಡದೆ ಪ್ರವಾಸ? ಅದನ್ನು ನಾನು ಮದುವೆ ಆದಂದಿನಿಂದ ಮಾಡ್ತಾ ಇದ್ದೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಹೆಸರುಂಟು ಅಂತ ಗೊತ್ತಿರಲಿಲ್ಲ ನೋಡು,” ಎಂದೆ ನಾನು.

ಮಾನಸಿ ಬಿಡಲಿಲ್ಲ. ಟಿಟವಾಳಾದ ಗಣಪತಿ, ದುರ್ಗಾಡಿ ಕೋಟೆ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಮೇಲೆ ಸೂರ್ಯ ಮುಳುಗುವುದು, ಬಾಳೆಲೆಯಲ್ಲಿ ಉಡುಪಿ ಊಟ, ಎರಡು ದಿನ. ಥಾಣೆಯಲ್ಲಿ, ನವಿ ಮುಂಬಯಿಯಲ್ಲಿ ಮನೆಯೊಳಗೇ ಕೂತು ಹುಚ್ಚು ಹಿಡಿದ ನಮ್ಮ ಕನ್ನಡದವರು ಎಷ್ಟು ಮಂದಿ ಇಲ್ಲ? ಅವರು ಬರುತ್ತಾರೆ ಎಂದಳು.

“ಬರ್ತಾರೆ. ಮಲಗುವುದೆಲ್ಲಿ?” ಎಂದರು ಇವರು. “ಆ ಹಾಸಿಗೆಯಲ್ಲಿ ಯಾರು ಮಲಗಿದ್ರು ಅಂತ ಇಡೀ ಊರಿಗೆ ಗೊತ್ತುಂಟಲ್ಲ.”

“ಹಾಸಿಗೆ ಎಲ್ಲ ಹೊಸದು ಹಾಕಿದ್ದೀರಿ ನಾ? ಮೊದಲು ಯಾರಾದರೂ ಮಲಗಿ ತೋರಿಸಬೇಕು. ಫೋಟೋ ಹಾಕಬೇಕು. ಮಾಲಕರೇ ಮಲಗಿದರೆ ಜನ ನಂಬ್ತಾರೆ. ನೀವು ಮತ್ತೆ ಆಯಿ.”

ಆಯಿ ಎಂದರೆ ನಾನು. ಇವರು ನನ್ನನ್ನು ನೋಡಿದರು, ನಾನು ಇವರನ್ನು ನೋಡಿದೆ. ಕಟ್ಟಳೆಯ ವಿಷಯ ಮಾನಸಿಗೆ ಗೊತ್ತಿರಲಿಲ್ಲ. ಇವರು ಅದನ್ನು ಹೇಳಿದಾಗ ಅವಳು ಕಣ್ಣು ಅರಳಿಸಿ, “ಆಯಿ ಒಂದು ಸಲವೂ ಕೂತಿಲ್ವಾ ಹೋಟೆಲಿನಲ್ಲಿ?” ಎಂದಳು. ಇವರು “ಗಿರಾಕಿಯೇ ಇಲ್ಲದ ಮೇಲೆ ಗಿರಾಕಿಯ ಲಕ್ಷ್ಮಿ ಏಳುವುದು ಎಲ್ಲಿಂದ?” ಎಂದು ಎದ್ದು ಹೋಗಿ ಅಂಗಿ ಹಾಕಿಕೊಂಡರು.

ಹೀಗೆ ಸಂಕ್ರಾಂತಿಯ ಮುಂಚಿನ ಒಂದು ಶನಿವಾರ ನಾವಿಬ್ಬರು ಸೂಟ್‌ಕೇಸು ಹಿಡಿದು ಡೊಂಬಿವಲಿಯಿಂದ ಎರಡು ಸ್ಟೇಷನ್ ಆಚೆಯ ಕಲ್ಯಾಣಕ್ಕೆ ಪ್ರವಾಸ ಹೊರಟೆವು. ಎದುರು ಮನೆಯ ಕುಲಕರ್ಣಿ ಕಾಕು ಬಾಗಿಲಲ್ಲೇ ಹಿಡಿದು ಎಲ್ಲಿಗೆಂದು ಕೇಳಿದಳು. “ಕಲ್ಯಾಣ್ ಫಿರಾಯ್ಲಾ,” ತಿರುಗಾಟಕ್ಕೆ, ಎಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಬೇಕೆಂದಿದ್ದಳೋ ಏನೋ, ಕಾಲ ಅಂಥದ್ದೆಂದು ಕೈ ಹಿಂದೆ ತೆಗೆದುಕೊಂಡಳು.

ಲಾಜಿನ ಬಾಗಿಲಲ್ಲಿ ಮೊದಲನೇ ಎಡವಟ್ಟು. ಇವರು ಅಭ್ಯಾಸಬಲದಿಂದ ನೇರ ಗಲ್ಲಾದ ಹಿಂದೆ ಹೋಗಿ ಕೂತುಬಿಟ್ಟರು. ನಾನು ಸೂಟ್‌ಕೇಸು ಕೆಳಗಿಟ್ಟು ಮೇಜಿನ ಮೇಲಿದ್ದ ಗಂಟೆ ಹೊಡೆದೆ.

“ಯಜಮಾನ್ರೇ, ರೂಮ್ ಉಂಟಾ?”

ಇವರು ತಲೆಯೆತ್ತಿ ನೋಡಿದರು. ಬಾಯಿಗೆ ಬಂದ ನಗುವನ್ನು ಹಿಡಿದುಕೊಂಡು, “ಎಷ್ಟು ಜನ?” ಎಂದರು.

“ನಾನು, ಮತ್ತೆ ನನ್ನ ಗಂಡ. ಗಂಡ ಎಲ್ಲಿ ಹೋದ್ರೋ ಗೊತ್ತಿಲ್ಲ. ಗಲ್ಲಾ ಕಂಡಲ್ಲಿ ಕೂರುವ ರೋಗ ಅವ್ರಿಗೆ.”

“ಬಾಲ್ಕನಿ ಇರುವ ಮೂಲೆ ರೂಮು ಕೊಡ್ಲಾ ಅಮ್ಮ? ರೈಲು ಕಾಣ್ತದೆ.”

“ರೈಲು ನೋಡ್ಲಿಕ್ಕೆ ದುಡ್ಡು ಕೊಡ್ಬೇಕಾ? ಡೊಂಬಿವಲಿಯಲ್ಲಿ ಪುಕ್ಕಟೆ ಕಾಣ್ತದೆ.”

ಫೋಟೋಕ್ಕೆಂದು ಮಾನಸಿಯ ಜೊತೆ ಬಂದಿದ್ದ ಆರ್ಯಾ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ರೂಮು ನೋಡಿಕೊಳ್ಳುವ ಶೀನ, ನಮ್ಮೂರ ಕಡೆಯವನೇ, ಇವರಷ್ಟೇ ಹಳಬ, ನಗು ತಡೆದುಕೊಂಡು ಬಟ್ಟೆಯಿಂದ ಮೇಜು ಒರೆಸುತ್ತಲೇ ಇದ್ದ. ಆಮೇಲೆ ಇವರು ಎದ್ದು ಬಂದು ಗಿರಾಕಿಯ ಮೇಜಿನಲ್ಲಿ ನನ್ನೆದುರು ಕೂತಾಗ ಶೀನನ ನಗು ಹೋಯಿತು. ನೀರಿನ ಲೋಟವನ್ನು ಅವನು ಇವರ ಮುಂದೆ ಇಡದೆ ಮೇಜಿನ ಅಂಚಿನಲ್ಲಿಟ್ಟ.

“ಅಣ್ಣ, ಇದು ಬೇಡಿತ್ತು,” ಎಂದ ಮೆಲ್ಲಗೆ.

“ಎರಡು ದಿನಕ್ಕೆ ನಾನು ಅಣ್ಣ ಅಲ್ಲ ಶೀನ, ಗಿರಾಕಿ. ದೋಸೆ ತಾ.”

ಆ ದೋಸೆಯ ವಿಷಯ ಬರೆಯದೆ ಮುಂದೆ ಹೋಗುವುದಿಲ್ಲ. ಕಾವಲಿಯಿಂದ ನೇರ ಬಂದದ್ದು, ಅಂಚು ಗರಿಗರಿ, ಮುರಿದರೆ ಒಳಗಿನಿಂದ ಹಬೆ ಬರುತ್ತಿತ್ತು. ಇಷ್ಟು ವರ್ಷ ನನ್ನ ಡಬ್ಬಿಗೆ ಬರುತ್ತಿದ್ದದ್ದು ಇದರ ಹೆಣ ಎಂದು ಗೊತ್ತಾಯಿತು. ಹಾಗೆ ಹೇಳಲಿಲ್ಲ. “ಪರವಾಗಿಲ್ಲ, ಚಟ್ನಿಗೆ ಉಪ್ಪು ಸ್ವಲ್ಪ ಜಾಸ್ತಿ. ಮಾಲಕರನ್ನು ಕರೀರಿ,” ಎಂದೆ. ಇವರು ನಾನು ತಿನ್ನುವುದನ್ನೇ ನೋಡುತ್ತಾ ಕೂತಿದ್ದರು. ಅವರ ದೋಸೆ ತಣ್ಣಗಾಯಿತು.

ಟಿಟವಾಳಾಕ್ಕೆ ಹೋದೆವು. ದುರ್ಗಾಡಿಯ ಮೇಲೆ ನಿಂತು ಖಾಡಿಯಲ್ಲಿ ಸೂರ್ಯ ಇಳಿಯುವುದನ್ನು ನೋಡಿದೆವು. ಖಾಡಿಯ ನೀರು ಕೊಳಕು, ಆದರೆ ಆ ಹೊತ್ತಿಗೆ ಅದೂ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಇವರು ಕೈ ಕಟ್ಟಿಕೊಂಡು, ಪ್ರವಾಸಿಗಳು ನಿಲ್ಲುವ ಹಾಗೆ ನಿಲ್ಲಲು ನೋಡುತ್ತಿದ್ದರು. ಅದು ಅವರಿಗೆ ಬರುತ್ತಿರಲಿಲ್ಲ. ಮಾತು ಮಾತಿಗೆ ಗಡಿಯಾರ ನೋಡುವುದು, ಈಗ ಸಂಜೆಯ ಕಾಫಿಯ ಹೊತ್ತು, ಈಗ ತರಕಾರಿಯವನು ಬರುವ ಹೊತ್ತು ಎನ್ನುವುದು.

“ನಾಳೆಯೂ ಹೀಗೇ ಸುಮ್ಮನೆ ಇರ್ಬೇಕಾ?” ಎಂದು ಕೇಳಿದರು.

“ಹೌದು. ಪ್ರವಾಸ ಅಂದ್ರೆ ಅಷ್ಟೇ. ದುಡ್ಡು ಕೊಟ್ಟು ಸುಮ್ಮನಿರುವುದು.”

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇವರು ಹಾಸಿಗೆ ಬಿಡಿಸಿ, ಚಾದರ ಎಳೆದು ಸುಕ್ಕು ತೆಗೆದು, ಹೊದಿಕೆ ಮಡಚಿ ಕಾಲ ಬುಡದಲ್ಲಿಟ್ಟು, ಟವೆಲು ಸರಳಿಗೆ ಹಾಕಿ ಆಗಿತ್ತು. ಬಾಗಿಲು ತಟ್ಟಿದ ಶೀನ ಒಳಗೆ ನೋಡಿ, “ನನಗೆಂತ ಕೆಲಸ ಇಟ್ಟಿದ್ದೀರಿ ಅಣ್ಣ?” ಎಂದ. ಇವರು ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಬಾಲ್ಕನಿಗೆ ಹೋಗಿ ನಿಂತರು.

ಆ ಬಾಲ್ಕನಿಯಿಂದ ಸ್ಟೇಷನ್ನಿನ ತಗಡಿನ ಮಾಡು, ಅದರಾಚೆ ಹಳಿಗಳು ಕಾಣುತ್ತಿದ್ದವು. ಇವರು ಒಂದೊಂದೇ ಗಾಡಿ ತೋರಿಸಿ ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳಿದರು. ವಾರಾಣಸಿ, ನಾಗಪುರ, ಹೌರಾ. ಅವರು ಯಾವುದಕ್ಕೂ ಹೋದವರಲ್ಲ. ಗಿರಾಕಿಗಳು ಹೇಳಿ ಗೊತ್ತು.

“ಇದೆಲ್ಲ ನಿನಗೆ ತೋರಿಸ್ಬೇಕು ಅಂತ ನನಗೆ ಮೊದಲೇ ಹೊಳೀಲಿಲ್ಲ ನೋಡು,” ಎಂದರು.

“ಈಗ ಹೊಳೀತಲ್ಲ. ಬೇಸಗೆಯಲ್ಲಿ ಹೌರಾದ್ದು ಹತ್ತುವ.”

“ಹತ್ತುವ,” ಎಂದರು.

ಅಲ್ಲೇ ಮಾನಸಿ ನನ್ನ ಕೈಯಲ್ಲಿ ಕಾಫಿ ಲೋಟ ಕೊಟ್ಟು, ಮೊಬೈಲಿನ ಮುಂದೆ ಏನಾದರೂ ಹೇಳಿ ಎಂದಳು. ನಾನು ಹೇಳಿದ್ದು ಇಷ್ಟು: “ಬನ್ನಿ, ಎರಡು ದಿನ ಇದ್ದು ಹೋಗಿ. ಊಟಕ್ಕೆ ಬಸಳೆ ಹುಳಿ, ನೋಡ್ಲಿಕ್ಕೆ ರೈಲು. ಗಂಡನನ್ನು ಕರ್ಕೊಂಡು ಬಂದ್ರೂ ಆದೀತು, ಬಿಟ್ಟು ಬಂದ್ರೆ ಇನ್ನೂ ಒಳ್ಳೆಯದು.” ಹಿಂದೆ ಇವರು ನಗುವುದು ಅದರಲ್ಲಿ ಕೇಳುತ್ತದೆ. ವಿಡಿಯೋದ ಕೆಳಗೆ ಗಿರೀಶನ ನಂಬರು ಹಾಕುತ್ತೇನೆಂದು ಮಾನಸಿ ಹೊರಟಾಗ ಇವರು ಒಪ್ಪಲಿಲ್ಲ. “ನನ್ನ ನಂಬರೇ ಹಾಕು. ಲಾಜಿಗೆ ಬರುವವರು ನನ್ನ ಹತ್ರ ಮಾತಾಡ್ಬೇಕು.”

ಜನ ಬಂದರು. ನಂಬುತ್ತೀರೋ ಇಲ್ಲವೋ, ಕಲ್ಯಾಣಕ್ಕೆ ಪ್ರವಾಸ ಬಂದರು. ಘೋಡಬಂದರ್ ರಸ್ತೆಯ ದೊಡ್ಡ ದೊಡ್ಡ ಕಟ್ಟಡಗಳಿಂದ ಬಂದರು, ವಾಶಿಯಿಂದ, ನೆರೂಲಿನಿಂದ ಬಂದರು. ನಮ್ಮ ಭಜನಾ ಮಂಡಳಿಯ ವನಜಕ್ಕ ನನ್ನ ಮಾತು ಕೇಳಿ ಗಂಡನನ್ನು ಬಿಟ್ಟೇ ಬಂದಳು. ಶಿವರಾತ್ರಿಯವರೆಗೆ ಶನಿವಾರ ಭಾನುವಾರ ರೂಮು ಖಾಲಿ ಇರಲಿಲ್ಲ. ರಿಕ್ಷಾದವರು ನಮ್ಮ ಲಾಜಿಗೆ ಕೊಟ್ಟಿದ್ದ ಹೆಸರನ್ನು ಮರೆತರು. ಇವರು ಮನೆಗೆ ಬಂದು ಅನ್ನ ಕೇಳಿ ಎರಡನೇ ಸಲ ಹಾಕಿಸಿಕೊಂಡರು. ಗಿರೀಶ ಕೂಡ ಯುಗಾದಿಯ ಮಾತು ಎತ್ತಲಿಲ್ಲ.

ನಮ್ಮವರದ್ದು ಇನ್ನೊಂದು ಅಭ್ಯಾಸ ಉಂಟು. ಗಿರಾಕಿ ಉಂಡು ಏಳುವಾಗ ಮಾಲಕ ಅವನ ಮುಖ ನೋಡಿ ‘ಊಟ ಆಯ್ತಾ, ಸರಿ ಇತ್ತಾ’ ಎಂದು ಕೇಳಬೇಕು. ಕೇಳದಿದ್ದರೆ ಊಟ ಹಾಕಿದ್ದು ಹಾಕಿದಂತಲ್ಲ. ಇವರು ಆ ಚಳಿಗಾಲದಲ್ಲಿ ಅದನ್ನು ಮೇಲಿನ ರೂಮುಗಳಿಗೂ ಒಯ್ದರು. ಬೆಳಿಗ್ಗೆ ತಾವೇ ಫಿಲ್ಟರ್ ಕಾಫಿಯ ತಟ್ಟೆ ಹಿಡಿದು ಬಾಗಿಲು ಬಾಗಿಲು ತಟ್ಟುವುದು, ನಿದ್ದೆ ಬಂತಾ ಎಂದು ಕೇಳುವುದು. ಕೇಳುವಾಗ ಮಾಸ್ಕನ್ನು ಗಲ್ಲಕ್ಕೆ ಇಳಿಸುವುದು.

“ಅದು ಮೂಗಿಗೆ ಕೊಟ್ಟದ್ದು, ಗಡ್ಡಕ್ಕಲ್ಲ,” ಎಂದು ನಾನು ದಿನಾ ಹೇಳುತ್ತಿದ್ದೆ.

“ಹೆದರಿಕೊಂಡು ಬಂದವರು ಮಾರಾಯ್ತಿ. ನಾನೇ ಮುಖ ಮುಚ್ಚಿಕೊಂಡು ನಿಂತ್ರೆ ಅವರಿಗೆ ಧೈರ್ಯ ಹೇಗೆ ಬರ್ತದೆ? ನಗುವುದು ಕಾಣ್ಬೇಕಲ್ಲ.”

ಹೋಳಿಯ ಹೊತ್ತಿಗೆ ಕೆಮ್ಮು ಮತ್ತೆ ಊರಿಗೆ ಬಂದಿತ್ತು. ಮೊದಲು ಅದು ಬೇರೆಲ್ಲೋ ಇತ್ತು, ವಿದರ್ಭದ ಕಡೆ ಎಂದರು. ಆಮೇಲೆ ನಮ್ಮ ಕಟ್ಟಡದ ಲಿಫ್ಟಿನಲ್ಲಿತ್ತು. ಮಾನಸಿ ಕೈ ಮುಗಿದು ಹೇಳಿದಳು, “ಪಪ್ಪಾ, ಬಸ್. ಬಂದ್ ಮಾಡುವಾ.” ಇವರು ಹೇಳಿದರು, “ಸರ್ಕಾರ ಇನ್ನೂ ಬಂದ್ ಮಾಡಿಲ್ಲ. ಬರ್ತೇನೆ ಅಂದವರನ್ನು ಬರಬೇಡಿ ಅಂತ ಹೇಳ್ಲಿಕ್ಕೆ ಬಾಯಿ ಬರ್ತದಾ?” ನಾನು ಮಾನಸಿಯ ಬದಿಯಲ್ಲಿದ್ದೆ. ಆದರೆ ಇವರು ಆ ವಾರ ಹೌರಾ ಗಾಡಿಯ ಸಮಯ ಬರೆದು ತಂದು ದೇವರ ಗೂಡಿನ ಬದಿಗೆ ಸಿಕ್ಕಿಸಿದ್ದರು. ಅದನ್ನು ನೋಡಿ ನನ್ನ ದನಿ ಏರಲಿಲ್ಲ.

ಯಾರಿಂದ ಬಂತು ಎಂದು ಯಾರೂ ಹೇಳಲಾರರು. ಲಾಜಿನವರಿಂದಲೋ, ಲೋಕಲಿನಿಂದಲೋ, ತರಕಾರಿಯವನಿಂದಲೋ. ಒಂದು ಬೆಳಿಗ್ಗೆ ಇವರು ಅಂಗಿಯ ಗುಂಡಿ ಹಾಕಲಾರದೆ ಮಂಚದ ಮೇಲೆ ಕೂತರು. ಅದೇ ವಾರ ಪಾಲಿಕೆಯವರು ಮತ್ತೆ ಲಾಜಿನ ರೂಮುಗಳನ್ನು ಕೇಳಿದರು. ಇವರು ಕೆಮ್ಮುತ್ತಾ ಫೋನಿನಲ್ಲೇ, ಕೀಲಿ ಕೈಯೆಲ್ಲ ಶೀನನ ಹತ್ತಿರ ಉಂಟು, ತೆಗೆದುಕೊಳ್ಳಿ ಎಂದರು.

ನಮ್ಮದು ಎರಡು ಕೋಣೆಯ ಮನೆ, ಐದು ಜನ. ಇವರನ್ನು ಬೇರೆ ಇಡಲು ಮೂಲೆ ಕೂಡ ಇರಲಿಲ್ಲ. ಗಿರೀಶ ಕಲ್ಯಾಣ, ಥಾಣೆ, ನವಿ ಮುಂಬಯಿ ಎಲ್ಲ ಕಡೆ ಆಸ್ಪತ್ರೆಯ ಬೆಡ್ಡಿಗೆ ಫೋನು ಹಚ್ಚಿದ. ಆ ದಿನಗಳಲ್ಲಿ ಬೆಡ್ಡು ಎಂಬ ಶಬ್ದವನ್ನು ನಾವು ದೇವರ ಹೆಸರಿಗಿಂತ ಹೆಚ್ಚು ಸಲ ಹೇಳಿದ್ದೇವೆ. ಎಲ್ಲ ಕಡೆ ಒಂದೇ ಉತ್ತರ, ಖಾಲಿ ಇಲ್ಲ. ಉಸಿರು ಇನ್ನೂ ಅಷ್ಟು ಕೆಟ್ಟಿಲ್ಲವಲ್ಲ, ಸದ್ಯಕ್ಕೆ ಐಸೊಲೇಶನ್ನಿನಲ್ಲಿ ಇಡಿ, ಅಲ್ಲಿ ಡಾಕ್ಟರು ಬಂದು ನೋಡುತ್ತಾರೆ ಎಂದು ಕೊನೆಗೆ ಒಬ್ಬರು ವಿಳಾಸ ಕಳಿಸಿದರು. ಗಿರೀಶ ಮೊಬೈಲು ನೋಡಿ ಅಪ್ಪನ ಮುಂದೆ ಹಿಡಿದ.

ಅದು ನಮ್ಮದೇ ಲಾಜಿನ ವಿಳಾಸ.

ಇವರು ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕಣ್ಣಲ್ಲಿ ನೀರು ಬಂತು. “ಮೂಲೆ ರೂಮು ಖಾಲಿ ಉಂಟಾ ಕೇಳು,” ಎಂದರು.

ಇತ್ತು. ಶೀನ ಅದನ್ನು ಇವರಿಗೆಂದೇ ಹೇಗೋ ಉಳಿಸಿದ. ಅಂಬುಲೆನ್ಸು ಬಂದಾಗ ನಾನು ಸೂಟ್‌ಕೇಸು ತುಂಬಿದೆ. ಜನವರಿಯಲ್ಲಿ ಒಯ್ದದ್ದೇ ಸೂಟ್‌ಕೇಸು.

ನಮ್ಮನ್ನು ಮೇಲೆ ಬಿಡುತ್ತಿರಲಿಲ್ಲ. ಗಿರೀಶ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಲ್ಲಿಸುತ್ತಿದ್ದ. ಹಿಂದೆ ಜನ ಮೂಗು ಮುಚ್ಚಿ ದಾಟಿ ಹೋಗುತ್ತಿದ್ದರಲ್ಲ, ಅದೇ ಫುಟ್‌ಪಾತು. ಇವರು ಬಾಲ್ಕನಿಗೆ ಬಂದು ಸರಳು ಹಿಡಿದು ನಿಲ್ಲುತ್ತಿದ್ದರು. ನಾನು ಗಿರೀಶನ ಮೊಬೈಲಿನಿಂದ ಫೋನು ಮಾಡುತ್ತಿದ್ದೆ. ಮುಖ ಕಾಣುತ್ತಿತ್ತು, ದನಿ ಕಿವಿಯಲ್ಲಿ ಕೇಳುತ್ತಿತ್ತು. ಎರಡೂ ಬೇರೆ ಬೇರೆ ಕಡೆಯಿಂದ ಬರುತ್ತಿದ್ದವು.

“ಯಜಮಾನ್ರೇ, ಸರ್ವಿಸ್ ಹೇಗುಂಟು?”

“ಸಾರಿಗೆ ಉಪ್ಪಿಲ್ಲ. ಹೊರಗಿನ ಕಾಂಟ್ರಾಕ್ಟಿನ ಊಟ. ಹೇಳುವ ಅಂದ್ರೆ ಗಲ್ಲಾದಲ್ಲಿ ಯಾರೂ ಇಲ್ಲ.”

“ನಾನು ಬಂದು ಕೂತ್ಕೊಳ್ಳಲಾ?”

“ಬೇಡ. ನೀನು ಕೂತ್ರೆ ಇದ್ದ ಗಿರಾಕಿಯೂ ಓಡ್ತಾರೆ.” ಉಸಿರು ತೆಗೆದುಕೊಳ್ಳಲು ನಿಂತರು. “ಈಗ ಹೋದದ್ದು ಹೌರಾದ್ದು. ಕಂಡಿತಾ?”

ಕೆಳಗಿನಿಂದ ನನಗೆ ಗಾಡಿ ಕಾಣುತ್ತಿರಲಿಲ್ಲ. ಕಂಡಿತು ಎಂದೆ.

ಅದೇ ದಿನಗಳಲ್ಲಿ ಮನೆಯಲ್ಲಿ ಟಿವಿ ಹಾಕಿದರೆ, ಚಳಿಗಾಲದಲ್ಲಿ ಹೊರಟು ಬನ್ನಿ ಎಂದು ಕರೆದಿದ್ದ ಅದೇ ಟಿವಿ ಮನೆಯಲ್ಲೇ ಇರಿ ಎಂದು ಬೇಡಿಕೊಳ್ಳುತ್ತಿತ್ತು. ಅದೇ ಗಂಡ ಹೆಂಡತಿ, ಅದೇ ಬಿಳಿ ಹಲ್ಲು. ನಾನು ಎದ್ದು ವಯರು ಕಿತ್ತೆ. ಆ ಮೇಲೆ ತುಂಬ ದಿನ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ.

ಒಂದು ಬೆಳಿಗ್ಗೆ ಹೋದಾಗ ಬಾಲ್ಕನಿಯ ಬಾಗಿಲು ಮುಚ್ಚಿತ್ತು. ಶೀನ ಕೆಳಗೆ ಬಂದು ರಸ್ತೆಯ ಆಚೆಯಿಂದಲೇ ಕೂಗಿ ಹೇಳಿದ. ಉಸಿರು ಇಳಿಯಿತೆಂದು ಆಗಷ್ಟೇ ಅಂಬುಲೆನ್ಸಿನಲ್ಲಿ ಕರೆದೊಯ್ದಿದ್ದರು. ಥಾಣೆಯ ಒಂದು ಆಸ್ಪತ್ರೆಯಲ್ಲಿ ಬೆಡ್ಡು ಸಿಕ್ಕಿತ್ತು. ಸಿಕ್ಕಿತು ಎಂದು ಕೇಳಿ ನಾನೂ ಗಿರೀಶನೂ ರಸ್ತೆಯಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡೆವು, ಮನೆಯ ಹುಡುಗಿಗೆ ಒಳ್ಳೆಯ ಸಂಬಂಧ ಕೂಡಿ ಬಂದ ಹಾಗೆ. ಯಾರಿಗೋ ಆ ಬೆಡ್ಡು ಬೇಡವಾದದ್ದರಿಂದ ಅದು ಖಾಲಿಯಾಯಿತು, ಆ ಯಾರೋ ಎಲ್ಲಿಗೆ ಹೋದರು ಎಂದು ನಾವು ಯೋಚಿಸಲಿಲ್ಲ.

ಆಮೇಲೆ ಬೇರೆಯವರಿಗಾಗಿ ಅದು ಮತ್ತೆ ಖಾಲಿಯಾಯಿತು. ನಮಗೆ ಮುಖ ನೋಡಲು ಬಿಡಲಿಲ್ಲ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕನ್ನಡಕ, ಹಲ್ಲಿನ ಸೆಟ್ಟು, ಮೊಬೈಲು ಬಂತು.

ಹದಿಮೂರನೆಯ ದಿನದ್ದೆಲ್ಲ ಹೆಸರಿಗೆ ಮಾತ್ರ ಆಯಿತು. ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ವನಜಕ್ಕ ಫೋನಿನಲ್ಲಿ ಅತ್ತಳು, ನಾನು ಹೂಂ ಹೂಂ ಎಂದೆ. ಶೀನ ಸೂಟ್‌ಕೇಸು ಹಿಡಿದು ಬಂದು ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತ. ಒಳಗೆ ಬಾ ಎಂದರೂ ಬರಲಿಲ್ಲ.

“ಅಣ್ಣ ಹೋದ ಮೇಲೆ ರೂಮು ಕ್ಲೀನ್ ಮಾಡ್ಲಿಕ್ಕೆ ನಾನೇ ಹೋದೆ ಅಮ್ಮ,” ಎಂದ. “ಹಾಸಿಗೆ ಹಾಕಿ ಆಗಿತ್ತು. ಚಾದರ ಎಳೆದು, ಹೊದಿಕೆ ಮಡಚಿ, ಟವೆಲು ಸರಳಿಗೆ ಹಾಕಿ. ಅಂಬುಲೆನ್ಸು ಬಂತು ಅಂತ ಹೇಳಿದ ಮೇಲೆ ಮಾಡಿದ್ದು. ಉಸಿರಿರಲಿಲ್ಲ, ಹೇಗೆ ಮಾಡಿದ್ರೋ.” “ಅವತ್ತು ಗಿರಾಕಿಯ ಮೇಜಿನಲ್ಲಿ ಕೂರಬಾರದಿತ್ತು ಅಣ್ಣ.”

“ಅಷ್ಟು ವರ್ಷ ನಿಂತು ಉಂಡವರು. ಎರಡು ದಿನ ಹೆಂಡತಿಯ ಎದುರು ಕೂತದ್ದು ಹೆಚ್ಚಾಯ್ತಾ ಶೀನ?” ಎಂದೆ. ಅವನು ಸೂಟ್‌ಕೇಸನ್ನು ಹೊಸ್ತಿಲ ಒಳಗೆ ತಳ್ಳಿ ಎದ್ದು ಹೋದ. ಅವನೀಗ ಊರಲ್ಲಿದ್ದಾನಂತೆ.

ಮಳೆಗಾಲ ಕಳೆದ ಮೇಲೆ ಗಿರೀಶ ಲಾಜು ಕೊಟ್ಟ. ನಾನು ಸರಿ ಎಂದೆ, ಬೇಡ ಎನ್ನಲು ಕಾರಣವೇ ಉಳಿದಿರಲಿಲ್ಲ. ಹೌರಾದ ಸಮಯ ಬರೆದ ಚೀಟಿ ದೇವರ ಗೂಡಿನ ಬದಿಯಲ್ಲಿ ಎಣ್ಣೆ ಹಿಡಿದು ಓದಲಾಗದ ಹಾಗಾಗಿದೆ. ದೇವರ ಹತ್ತಿರ ನಾನು ಈಗಲೂ ದೀಪ ಹಚ್ಚುತ್ತೇನೆ. ಮಾತಾಡುವುದು ಕಮ್ಮಿ.

ಇವರ ಮೊಬೈಲು ನನ್ನ ಹತ್ತಿರ ಉಳಿಯಿತು. ಅದಕ್ಕೆ ಬರುವ ಮೆಸೇಜಿಗೆ ಉತ್ತರ ಕೊಡಬೇಕೆಂದೇ ನಾನು ಟೈಪು ಮಾಡಲು ಕಲಿತದ್ದು. ಯಾಕೆಂದರೆ ನನ್ನ ಆ ವಿಡಿಯೋ ಸತ್ತಿಲ್ಲ. ಕೈಯಿಂದ ಕೈಗೆ ಇನ್ನೂ ತಿರುಗುತ್ತದೆ, ಕೆಳಗೆ ಇವರ ನಂಬರು ಹಾಗೇ ಇದೆ. ರಜೆ ಬಂತೆಂದರೆ ಮೆಸೇಜು ಬರುತ್ತದೆ. ನಾಲ್ಕು ಜನ ಇದ್ದೇವೆ, ರೂಮು ಉಂಟಾ? ಬಸಳೆ ಹುಳಿ ಯಾವ ವಾರ? ನಂಬರು ಬದಲಿಸು ಎಂದು ಗಿರೀಶ ಹೇಳುತ್ತಾನೆ. “ಬ್ಲಾಕ್ ಕರ್ ನಾ ಅಜ್ಜಿ, ಸಿಂಪಲ್,” ಎನ್ನುತ್ತಾಳೆ ಆರ್ಯಾ. ಅವಳು ಮೊದಲು ಕಲಿಸಿದ ವಾಕ್ಯ ‘ಲಾಜು ಈಗ ಇಲ್ಲ, ಕ್ಷಮಿಸಿ’. ಒಂದು ಬೆರಳಿನಲ್ಲಿ ಅದನ್ನು ಒತ್ತುವಷ್ಟರಲ್ಲಿ ಹಾಲು ಉಕ್ಕಿ ಹೋಗುತ್ತದೆ, ಆದರೂ ನಾನೇ ಒತ್ತುತ್ತೇನೆ.

ಮೊನ್ನೆ ಕಲ್ಯಾಣದಿಂದ ಬಂದ ಮೇಲೆ, ಡಾಕ್ಟರು ಹಾಕಿದ ಮದ್ದಿಗೆ ಕಣ್ಣು ಇನ್ನೂ ಮಂಜಾಗಿದ್ದಾಗಲೇ ಒಂದು ಬಂತು. ಆರ್ಯಾ ಓದಿ ಹೇಳಿದಳು. ಕನ್ನಡ ಅಕ್ಷರ ಅವಳಿಗೆ ಒಂದೊಂದೇ ಬರುತ್ತದೆ, ಹಾಗಾಗಿ ಮೆಸೇಜು ತುಂಬ ಹೊತ್ತು ಬಂತು.

“ನಮಸ್ಕಾರ ಅಣ್ಣ. ನಾವು ನೆರೂಲಿನವರು. ಆ ಕೊರೊನಾದ ವರ್ಷ ಬಂದಿದ್ದೆವು, ನೀವೇ ಮೇಲೆ ಕಾಫಿ ತಂದು ಕೊಟ್ಟಿದ್ದಿರಿ. ನೆನಪುಂಟಾ? ಈ ಸಲ ಮಗಳು ಅಳಿಯ ಬಂದಿದ್ದಾರೆ. ಆ ಬಾಲ್ಕನಿಯ ಮೂಲೆ ರೂಮು ಸಿಗಬಹುದಾ?”

ಆರ್ಯಾ ಮೊಬೈಲು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಯಾವಾಗಲಿನ ವಾಕ್ಯವನ್ನೇ ಒತ್ತಬೇಕೆಂದಿದ್ದೆ. ಬೆರಳು ಬೇರೆ ಒತ್ತಿತು.

“ಆ ರೂಮಿನಲ್ಲಿ ಜನ ಇದ್ದಾರೆ.”

ಕೂಡಲೇ ಉತ್ತರ ಬಂತು. ಇದನ್ನು ನಾನೇ ಕಣ್ಣಿನ ಹತ್ತಿರ ಹಿಡಿದು ಓದಿದೆ.

“ಅಡ್ಡಿಲ್ಲ ಅಣ್ಣ, ನಾವು ಕಾಯ್ತೇವೆ. ಅವರು ಯಾವಾಗ ಹೊರಡ್ತಾರೆ?”

ಓದಿದ್ದೇನೆ ಎಂದು ಆ ಕಡೆಯವರಿಗೆ ನೀಲಿ ಗೆರೆ ಬಿದ್ದು ಗೊತ್ತಾಗಿರುತ್ತದೆ. ಎರಡು ದಿನವಾಯಿತು. ನಾನಿನ್ನೂ ಉತ್ತರ ಒತ್ತಿಲ್ಲ.